ಟೀಚರಮ್ಮನ ಮನೆಯ ಗುಂಯ್ ಶಬ್ದ

ಮೊದಲ ಸಲ ಫೋನ್ ಬಂದಾಗ ನಾನು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಟ್ಟೆ ಅಂಗಡಿಯಲ್ಲಿ ಏಣಿಯ ಮೇಲಿದ್ದೆ. ಏಣಿಯ ಮೇಲಿದ್ದಾಗ ಫೋನ್ ಎತ್ತಬಾರದು ಎಂಬುದು ನನ್ನ ನಿಯಮ. ಮೂರು ಸಲ ಬಡಿದುಕೊಂಡ ಮೇಲೆ ಸಿಡಿಮಿಡಿಯಲ್ಲೇ ಎತ್ತಿದೆ.

"ಅಣ್ಣಾ, ಎಲೆಕ್ಟ್ರಿಷಿಯನ್ ಅಲ್ವಾ? ನಮ್ಮನೆ ಹಾಲ್ ಲೈಟು ಗುಂಯ್ ಅಂತಿದೆ," ಎಂದಿತು ಒಂದು ಹೆಣ್ಣು ದನಿ.

"ಉರೀತಿದೆಯಾ?"

"ಉರೀತಿದೆ."

"ಉರೀತಿದ್ರೆ ಗುಂಯ್ ಅಂದ್ರೇನಂತೆ, ಬಿಡಿ ಮೇಡಂ."

"ನಿಮ್ಮನೇಲಿ ಅಂದಿದ್ರೆ ಬಿಡ್ತಿದ್ರಾ?"

ಶನಿವಾರ ಬರುತ್ತೇನೆಂದು ಹೇಳಿ ಇಟ್ಟೆ.

ಆ ಮನೆ ನನಗೆ ಗೊತ್ತಿದ್ದದ್ದೇ. ಊರಿಂದ ಚಿಂತಾಮಣಿ ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಹೋಗಿ ಎಡಕ್ಕೆ ತಿರುಗಬೇಕು. ಅಣ್ಣತಮ್ಮಂದಿರು ಪಾಲಾದ ಜಾಗ. ರಸ್ತೆಯ ಕಡೆಯ ಹೊಸ ಮನೆ ಅಣ್ಣನದು. ಹಿಂದಿನ ಹಳೇ ಮನೆ, ಅದಕ್ಕೆ ಅಂಟಿಕೊಂಡ ಹುಳದ ಮನೆ ತಮ್ಮನದು. ರೇಷ್ಮೆ ಹುಳ ಸಾಕುವ ಶೆಡ್ಡನ್ನು ನಮ್ಮ ಕಡೆ ಹುಳದ ಮನೆ ಅಂತಲೇ ಕರೆಯುವುದು. ಫೋನ್ ಮಾಡಿದವರು ಅಣ್ಣನ ಹೆಂಡತಿ, ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ ಆರು, ಏಳನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುವ ಟೀಚರ್. ಯಜಮಾನರು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಕೆಲಸ ಬಿಟ್ಟು ಬಂದು ಈ ಮನೆ ಕಟ್ಟಿಸಿದ್ದರು. ಹುಳದ ಮನೆಯ ವೈರಿಂಗ್ ನಾನೇ ಮಾಡಿದ್ದೆ. ಹೊಸ ಮನೆಯ ಕೆಲಸ ಮಾತ್ರ ನನಗೆ ಕೊಡದೆ ಬೆಂಗಳೂರಿನವರಿಗೆ ಕೊಟ್ಟಿದ್ದರು. ಆ ಹೊಟ್ಟೆಕಿಚ್ಚು ನನಗಿತ್ತು, ಸುಳ್ಳೇಕೆ ಹೇಳಲಿ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಟೀಚರ್ ಬಂದ ಮೇಲೆ, ಮಧ್ಯಾಹ್ನ ಹನ್ನೆರಡೂವರೆಗೆ ಹೋದೆ. ಹಾಲ್‌ನ ಮಧ್ಯೆ ಆರು ಪುಟ್ಟ ಬಲ್ಬುಗಳ ತೂಗುದೀಪ. ಹನ್ನೆರಡು ವೋಲ್ಟಿನ ಬಲ್ಬುಗಳು. ಮನೆಗೆ ಬರುವ ಇನ್ನೂರ ಮೂವತ್ತು ವೋಲ್ಟನ್ನು ಹನ್ನೆರಡಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನು ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗಿನ ಮೇಲೆ ಕೂರಿಸಿದ್ದರು. ಕೊಡದ ಕೆಳಗಿಡುವ ಸಿಂಬಿಯ ಹಾಗೆ ಗುಂಡಗಿತ್ತು. ಒಳ್ಳೇ ಮಾಲು. ಗುಂಡು ಟ್ರಾನ್ಸ್‌ಫಾರ್ಮರು ಸಾಮಾನ್ಯವಾಗಿ ಸದ್ದು ಮಾಡುವುದೇ ಇಲ್ಲ, ಚೌಕದ್ದಕ್ಕಿಂತ ಬಲು ಸಾಧು.

ಲೈಟು ಹಾಕಿದೆ. ಯಾವ ಸದ್ದೂ ಇಲ್ಲ.

"ಈಗ ಬರ್ತಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದಾಗಿಂದ ಎಂಟರವರೆಗೂ ಇರತ್ತೆ. ಸಂಜೆ ಕತ್ತಲಾದ ಮೇಲೂ ಶುರುವಾಗತ್ತೆ," ಅಂದರು ಟೀಚರ್. "ಲೈಟ್ ಆರಿಸಿದ್ರೆ ನಿಲ್ಲತ್ತೆ."

"ನಂಗಂತೂ ಯಾವತ್ತೂ ಕೇಳಿಸಿಲ್ಲಪ್ಪಾ," ಅಂದರು ಯಜಮಾನರು. "ಇಷ್ಟು ಚೆಂದದ ಲೈಟು ಹಾಕಿಸಿರೋದು ಉರಿಸೋಕೆ. ಇವಳು ಅದನ್ನ ಆರಿಸಿ ಕತ್ತಲೇಲಿ ಓಡಾಡ್ತಾಳೆ."

ಆದರೂ ನನ್ನ ಕೆಲಸ ಮಾಡಿದೆ. ಬಲ್ಬಿನ ಹೋಲ್ಡರುಗಳನ್ನು ಬಿಗಿ ಮಾಡಿದೆ. ಸೀಲಿಂಗಿನ ಚೌಕದ ಮುಚ್ಚಳ ತೆಗೆದು, ಟ್ರಾನ್ಸ್‌ಫಾರ್ಮರಿನ ನಡುವಿನ ಬೋಲ್ಟು ಬಿಗಿದು, ಹಲಗೆಗೂ ಅದಕ್ಕೂ ಮಧ್ಯೆ ಸೈಕಲ್ ಟ್ಯೂಬು ಕತ್ತರಿಸಿ ಹಾಸಿದೆ. ಮೀಟರ್ ಹಿಡಿದು ವೋಲ್ಟೇಜು ನೋಡಿದೆ, ಸರಿಯಾಗಿತ್ತು. ಮುಟ್ಟಿದರೆ ತಣ್ಣಗಿತ್ತು. ಗೇಟಿನ ಹತ್ತಿರ ಯಜಮಾನರು ಗಟ್ಟಿಯಾಗಿ "ಏನಂತೆ?" ಅಂದರು. ಫ್ಯಾನಿನ ಬುಷ್ ಸವೆದಿದ್ದರೆ ರಸ್ತೆಯಲ್ಲೇ ನಿಂತು ಹೇಳಬಲ್ಲೆ ಎಂದು ಮೆರೆಯುವವನು ನಾನು. ಆ ಗತ್ತಿನಲ್ಲೇ, "ಲೈಟಿಗೇನಾಗಿಲ್ಲ ಸರ್. ಮೇಡಂ ಅವ್ರ ಕಿವಿ ಒಂದ್ಸಲ ತೋರಿಸಿ," ಅಂದುಬಿಟ್ಟೆ. ಅಂದು ಗಾಡಿ ಹತ್ತಿದೆ.

ಎಲೆಕ್ಟ್ರಿಷಿಯನ್ ಹೇಳಿದ ಎಂದು ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ? ಹೋದರು. ಯಜಮಾನರು ಆ ವಾರವೇ ಹೆಂಡತಿಯನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಕಿವಿಯೊಳಗೆ ತಾನೇ ಸದ್ದು ಹುಟ್ಟುವ ಕಾಯಿಲೆ ಇರಬಹುದು ಎಂದು ಮಾತ್ರೆ ಬರೆದುಕೊಟ್ಟರಂತೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಇದು ನನಗೆ ಗೊತ್ತಾದದ್ದು ಎರಡು ವಾರದ ಮೇಲೆ ಟೀಚರ್ ಮತ್ತೆ ಫೋನ್ ಮಾಡಿದಾಗ.

"ಟ್ರಾನ್ಸ್‌ಫಾರ್ಮರೇ ಬದಲಾಯಿಸಿ ಅಣ್ಣಾ. ಹೊಸದೇ ಹಾಕಿ ನೋಡೋಣ. ಈ ಮಾತ್ರೆ ತಗೊಂಡ್ರೆ ತೂಕಡಿಕೆ ಬರತ್ತೆ. ಮೊನ್ನೆ ಭಿನ್ನರಾಶಿ ಹೇಳಿಕೊಡ್ತಾ ಬೋರ್ಡಿಗೆ ಹಣೆ ಒರಗಿಸಿ ನಿಂತುಬಿಟ್ಟಿದ್ದೆ. ಮಕ್ಕಳು ನಕ್ಕವು." ಆಮೇಲೆ, "ಮನೇಲಿ ಕೆಲಸ ಬಿಟ್ಟುಬಿಡು ಅಂತಿದ್ದಾರೆ," ಅಂದರು.

ಅದೇ ಅಳತೆಯ ಗುಂಡು ಟ್ರಾನ್ಸ್‌ಫಾರ್ಮರು ಶಿಡ್ಲಘಟ್ಟದಲ್ಲಿ ಸಿಗಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಡುಕಿ ತಂದು, ಒಂದು ಸಂಜೆ ಕತ್ತಲಾದ ಮೇಲೇ ಹೋದೆ. ಅವತ್ತೂ ಸದ್ದಿರಲಿಲ್ಲ. ಎರಡು ದಿನದಿಂದ ತಾನಾಗೇ ನಿಂತಿದೆ ಎಂದು ಟೀಚರೇ ಹೇಳಿದರು, ಹೇಳುವಾಗ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದ್ದರು. ಬಂದ ಮೇಲೆ ಇರಲಿ ಎಂದು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಆಮೇಲೆ ಎರಡು ವಾರ ಆ ಮನೆಯಲ್ಲಿ ಯಾವ ಗುಂಯ್ ಶಬ್ದವೂ ಇರಲಿಲ್ಲ. ಯಜಮಾನರು ಮಾತ್ರೆಯ ಗುಣ ಅಂದರು. ನಾನು ನನ್ನ ಟ್ರಾನ್ಸ್‌ಫಾರ್ಮರಿನ ಗುಣ ಅಂದುಕೊಂಡೆ. ಇಬ್ಬರೂ ಖುಷಿಯಾಗಿದ್ದೆವು.

ಧನುರ್ಮಾಸದ ಒಂದು ಬೆಳಿಗ್ಗೆ ಐದೂವರೆಗೆ ಫೋನ್ ಹೊಡೆದುಕೊಂಡಿತು. ಹೊದಿಕೆಯಿಂದ ಕೈ ಹೊರಗಿಡಲಾಗದ ಚಳಿ.

"ನಾಲ್ಕು ದಿನದಿಂದ ಮತ್ತೆ ಶುರುವಾಗಿದೆ. ಲೈಟಿನ ಹತ್ರಾನೇ ಫೋನ್ ಹಿಡಿದಿದ್ದೀನಿ, ಕೇಳಿ."

ಕೇಳಿದೆ. ಏನೂ ಇಲ್ಲ, ಬರೀ ಮೌನ. ನನಗೆ ರೇಗಿತು. "ಏನೂ ಇಲ್ಲ ಮೇಡಂ," ಅಂದೆ.

"ಫೋನಲ್ಲಿ ಕೇಳಲ್ಲ ಅನ್ಸತ್ತೆ. ನೀವು ಈಗ್ಲೇ ಬನ್ನಿ. ನಾಳೆ ಮತ್ತೆ ಡಾಕ್ಟರ ಹತ್ರ ಹೋಗಬೇಕಂತೆ, ಡೋಸ್ ಜಾಸ್ತಿ ಮಾಡಿಸಬೇಕಂತೆ. ನೀವು ಬಂದು ಇಲ್ಲ ಅಂದ್ರೆ ಸುಮ್ನೆ ತಗೋತೀನಿ. ಕೆಲಸಕ್ಕೂ ರಾಜೀನಾಮೆ ಬರೆದುಕೊಡ್ತೀನಿ."

ದನಿಯಲ್ಲಿ ಅಳುವಿರಲಿಲ್ಲ. ಲೆಕ್ಕ ಹೇಳಿಕೊಡುವವರು ಕೊನೆಯ ಸಾಲು ಬರೆಯುವ ಹಾಗಿತ್ತು. ನಾನು ಎದ್ದು ಮಫ್ಲರ್ ಸುತ್ತಿಕೊಂಡೆ. ಫೋನು ಮನುಷ್ಯರ ಮಾತನ್ನು ಮಾತ್ರ ಹಿಡಿದು, ಒಂದೇ ಸಮ ಬರುವ ಸದ್ದನ್ನು ಸೋಸಿ ಬಿಸಾಡುತ್ತದೆ ಎಂಬುದು ದಾರಿಯಲ್ಲಿ, ಮಂಜಿನಲ್ಲಿ ಗಾಡಿ ಓಡಿಸುವಾಗ ಹೊಳೆಯಿತು. ಈ ಬುದ್ಧಿ ಹಾಸಿಗೆಯಲ್ಲೇ ಹೊಳೆಯಬೇಕಿತ್ತು.

ಬಾಗಿಲು ದಾಟುತ್ತಲೇ ಕೇಳಿಸಿತು. ಗುಂಯ್ ಎಂಬ ಮಾತು ಅದಕ್ಕೆ ಸಾಲದು. ಗೋಡೆಯೊಳಗೆ ಯಾರೋ ಹಲ್ಲು ಕಚ್ಚಿಕೊಂಡು ಮುಲುಕುವಂಥ ಸದ್ದು. ಜಿಪ್ಸಮ್ ಹಲಗೆ ಅದನ್ನು ಹಿಡಿದು ಹಾಲ್‌ಗೆಲ್ಲ ಹಂಚುತ್ತಿತ್ತು. ನಾನು ನಿಂತಲ್ಲೇ ನಿಂತೆ. ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಟೀಚರ್ ನಿಂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು.

"ಇದೆ ಮೇಡಂ," ಅಂದೆ.

ಅವರು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು.

ಯಜಮಾನರು ಸ್ವೆಟರ್ ಹಾಕಿಕೊಳ್ಳುತ್ತಾ ಕೋಣೆಯಿಂದ ಬಂದರು. "ಏನಪ್ಪಾ, ಇಷ್ಟೊತ್ತಿಗೇ? ಎಲ್ಲಿದೆ ಸದ್ದು? ನಂಗೇನೂ ಕೇಳಿಸ್ತಿಲ್ಲವಲ್ಲ."

ಅವರು ಸರಿಯಾಗಿ ದೀಪದ ಕೆಳಗೇ ನಿಂತಿದ್ದರು. ಇಪ್ಪತ್ತೆರಡು ವರ್ಷ ಮೆಷಿನ್ ಪಕ್ಕದಲ್ಲಿ ನಿಂತ ಕಿವಿ. ನಾನು ಅವರ ಮುಖ ನೋಡಿದೆ, ಹೆಂಡತಿಯ ಮುಖ ನೋಡಿದೆ, ಯಾರನ್ನು ಡಾಕ್ಟರ ಹತ್ತಿರ ಕಳಿಸಬೇಕಿತ್ತು, ಯಾರನ್ನು ಕಳಿಸಿದೆ ಎಂದು ನನಗೇ ಅಸಹ್ಯವಾಯಿತು. ಬಾಯಲ್ಲಿ ಹೇಳಿದರೆ ಅವರು ಒಪ್ಪುವ ಪೈಕಿಯಲ್ಲ. ಏಣಿ ತಂದು, "ಸರ್, ಎರಡು ಮೆಟ್ಲು ಹತ್ತಿ, ಸೀಲಿಂಗಿಗೆ ಅಂಗೈ ಒತ್ತಿ," ಅಂದೆ. ಒತ್ತಿದರು. ಕೈ ತೆಗೆದರು. ಮತ್ತೆ ಒತ್ತಿದರು.

"ನಡುಗ್ತಾ ಇದೆ ಕಣಯ್ಯ," ಅಂದರು, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಇಳಿದು ಸೋಫಾದಲ್ಲಿ ಕೂತರು.

ಮುಚ್ಚಳ ತೆಗೆದಾಗ ವಾರ್ನಿಷ್ ಸುಟ್ಟ ವಾಸನೆ ಮುಖಕ್ಕೆ ಹೊಡೆಯಿತು. ಟ್ರಾನ್ಸ್‌ಫಾರ್ಮರಿನ ಮೇಲೆ ಮೂರು ಎಣಿಸುವಷ್ಟು ಹೊತ್ತು ಕೈ ಇಡಲಾಗಲಿಲ್ಲ. ನಾನು ಹಾಸಿದ್ದ ಸೈಕಲ್ ಟ್ಯೂಬು ಮೆತ್ತಗಾಗಿ ಅಂಟಿಕೊಂಡಿತ್ತು, ಅದರ ಸುತ್ತ ಹಲಗೆಯ ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ತಕ್ಷಣ ಸ್ವಿಚ್ ಆರಿಸಿದೆ. ನನಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚಾಗಿ ತಲೆ ಕೆಟ್ಟಿತ್ತು, ಯಾಕೆಂದರೆ ಇದು ನಾನೇ ತಂದು ಹಾಕಿದ ಹೊಚ್ಚ ಹೊಸ ಟ್ರಾನ್ಸ್‌ಫಾರ್ಮರು. ಹಳೆಯದೂ ಸದ್ದು ಮಾಡಿತು, ಹೊಸದೂ ಮಾಡುತ್ತದೆ ಅಂದರೆ ದೋಷ ಅದರಲ್ಲಿಲ್ಲ.

ಅದನ್ನು ಬಿಚ್ಚಿ ಕೆಳಗಿಳಿಸಿ, ಉದ್ದ ವೈರು ಕೊಟ್ಟು, ನೆಲದ ಮೇಲೆ ಒಂದು ಹಂಚಿನ ತುಂಡಿನ ಮೇಲಿಟ್ಟು ಮತ್ತೆ ಕರೆಂಟು ಕೊಟ್ಟೆ. ಮುಲುಕಾಟ ಹಾಗೇ ಇತ್ತು. ಆರೂ ಬಲ್ಬು ಕಳಚಿದೆ. ಹೊರೆಯೇ ಇಲ್ಲದೆಯೂ ಮುಲುಕಿತು. ಹಾಗಾದರೆ ಬಲ್ಬಿನದಲ್ಲ, ಸೀಲಿಂಗಿನದಲ್ಲ. ಬರುವ ಕರೆಂಟಿನಲ್ಲೇ ಏನೋ ಕೆಟ್ಟದ್ದು ಸೇರಿದೆ. ಮೊದಲ ಅನುಮಾನ ಯುಪಿಎಸ್ ಮೇಲೆ, ಅದು ಬೆಂಗಳೂರಿನವರು ಹಾಕಿದ್ದು ನೋಡಿ. ಸಂತೋಷದಿಂದಲೇ ಅದನ್ನು ಬಿಡಿಸಿದೆ. ಗುಂಯ್ ನಿಲ್ಲಲಿಲ್ಲ. ಮೇನ್ ಬೋರ್ಡಿನಲ್ಲಿ ಫ್ರಿಜ್ಜು, ಗೀಸರು, ಪಂಪು, ಒಂದೊಂದೇ ಸ್ವಿಚ್ಚು ಇಳಿಸುತ್ತಾ ಬಂದೆ. ಹಾಲ್‌ನ ಲೈಟಿನ ಸಾಲು ಒಂದು ಬಿಟ್ಟು ಮನೆ ಪೂರ್ತಿ ಆರಿತು. ಆದರೂ ನಿಲ್ಲಲಿಲ್ಲ.

ಒಂದೇ ಒಂದು ಬಲ್ಬು ಸಿಕ್ಕಿಸಿ ಆ ಅರೆಗತ್ತಲಲ್ಲಿ ನೆಲದ ಮೇಲೆ ಕೂತೆ. ಟೀಚರ್ ನನ್ನ ಎದುರಿಗೆ, ಗೋಡೆಗೆ ಒರಗಿ ಕೂತರು. ಇದ್ದಕ್ಕಿದ್ದ ಹಾಗೆ ಸದ್ದು ನಿಂತಿತು. ನಾನು ಏನೂ ಮುಟ್ಟಿರಲಿಲ್ಲ.

"ನಿಲ್ತು," ಅಂದರು ಟೀಚರ್. "ಹೀಗೇ ಅಣ್ಣಾ. ಒಂದೆರಡು ನಿಮಿಷ ನಿಲ್ಲತ್ತೆ, ಮತ್ತೆ ಬರತ್ತೆ. ನಿಂತಾಗ ಲೈಟು ಒಂಚೂರು ಜಾಸ್ತಿ ಆಗತ್ತೆ, ನೋಡಿ."

ನೋಡಿದೆ. ಹೌದು, ಬಲ್ಬು ಒಂದು ಕೂದಲೆಳೆಯಷ್ಟು ಹೆಚ್ಚು ಬೆಳಗಿತ್ತು. ಗಡಿಯಾರ ನೋಡುತ್ತಾ ಕೂತೆ. ಎರಡು ನಿಮಿಷಕ್ಕೆ ಬಲ್ಬು ತುಸು ಕುಗ್ಗಿತು, ಗುಂಯ್ ಎಂದಿತು. ನಾಲ್ಕು ನಿಮಿಷ ಉಳಿಯಿತು, ನಿಂತಿತು. ಎಲ್ಲೋ ಒಂದು ದೊಡ್ಡ ಹೊರೆ, ಬಿಸಿ ಸಾಕಾದಾಗ ತಾನೇ ಆರಿ, ತಣ್ಣಗಾದಾಗ ತಾನೇ ಹತ್ತಿಕೊಳ್ಳುತ್ತಿದೆ. ಈ ಮನೆಯಲ್ಲಂತೂ ಅಲ್ಲ. ಇಷ್ಟನ್ನೆಲ್ಲ ಈ ಹೆಂಗಸು ಒಬ್ಬಳೇ ಕತ್ತಲಲ್ಲಿ ಕೂತು ಕಂಡುಕೊಂಡಿದ್ದಾಳೆ, ಕೇಳುವವರು ಮಾತ್ರ ಯಾರೂ ಇರಲಿಲ್ಲ ಅನ್ನಿಸಿ ನಾಚಿಕೆಯಾಯಿತು.

"ಸರ್, ಪಾಲಾದಾಗ ಮೀಟರ್ ಬೇರೆ ಮಾಡಿಸಿದ್ರಲ್ಲ, ಕಂಬದಿಂದ ಬರೋ ತಂತಿ?" ಎಂದು ಜೋರಾಗಿ ಕೇಳಿದೆ.

"ತಂತಿ ಅಪ್ಪನ ಕಾಲದ್ದೇ ಇದೆ. ಗೋಡೆ ಹತ್ರ ಬಂದು ಎರಡಾಗತ್ತೆ."

ಹೊಲ, ಮನೆ, ಬಾವಿ, ಪಾತ್ರೆ ಎಲ್ಲ ಹಂಚಿಕೊಂಡಿದ್ದರು. ಕಂಬದಿಂದ ನಾಲ್ಕು ಗದ್ದೆಯ ದೂರ ಬರುವ ಸಣಕಲು ತಂತಿಯೊಂದು ಮಾತ್ರ ಒಟ್ಟಿಗೇ ಉಳಿದಿತ್ತು. ನಾನು ಹಾಲ್ ಲೈಟಿನ ಸ್ವಿಚ್ ಆರಿಸಿ ಹಿತ್ತಿಲ ಬಾಗಿಲು ತೆಗೆದೆ. ಹುಳದ ಮನೆಯ ಕಿಟಕಿಯಲ್ಲಿ ಮಂದ ಕೆಂಪು ಬೆಳಕಿತ್ತು.

ಬಾಗಿಲಲ್ಲಿ ಟೀಚರ ವಾರಗಿತ್ತಿ, ತಮ್ಮನ ಹೆಂಡತಿ, ತಲೆಗೆ ಟವಲು ಸುತ್ತಿಕೊಂಡು ನಿಂತಿದ್ದರು. ಆಂಧ್ರದ ಗಡಿಯ ಹುಡುಗಿ, ಅರ್ಧ ತೆಲುಗಿನಲ್ಲೇ ಬೈಯುವವರು. ಹುಳದ ವಿಚಾರದಲ್ಲಿ ಗಂಡನನ್ನೂ ನಂಬುವವರಲ್ಲ.

"ಆಗಾಗು! ಅಲ್ಲೇ ನಿಲ್ಲಣ್ಣಾ. ಹುಳ ಮೂರನೇ ಜ್ವರಕ್ಕೆ ಕೂತಿದಾವೆ."

ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗಾಡದೆ ಕೂತು ಹಳೇ ಚರ್ಮ ಕಳಚುವ ಒಂದು ದಿನವನ್ನು ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ, ಒಳಗಿನ ಬಿಸಿ ಏರುಪೇರಾಗಲು ಬಿಡುವುದಿಲ್ಲ. ಹಾಗಾದರೆ ಅರ್ಧ ಹುಳ ಮುಂದೆ ಏಳುತ್ತವೆ, ಅರ್ಧ ಹಿಂದೆ ಬೀಳುತ್ತವೆ, ಬೆಳೆ ಒಡೆದು ಹೋಗುತ್ತದೆ. ನಾಲ್ಕು ದಿನದ ಹಿಂದೆ, ಎರಡು ಜ್ವರ ದಾಟಿದ ಮರಿ ತಂದಿದ್ದರು. ಅದಕ್ಕೆ ಮುಂಚೆ ಎರಡು ವಾರ, ಹಿಂದಿನ ಬೆಳೆ ಮುಗಿದು, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಬಾಗಿಲು ಹಾಕಿದ್ದರು. ಕೇಳುತ್ತಾ ಬೆರಳಲ್ಲಿ ದಿನ ಎಣಿಸಿದೆ. ಟೀಚರ ಕಿವಿಯ ಕಾಯಿಲೆ ವಾಸಿಯಾದದ್ದು ಸರಿಯಾಗಿ ಅದೇ ಎರಡು ವಾರ.

ಚಪ್ಪಲಿ ಬಿಟ್ಟು, ಕಾಲು ತೊಳೆದು, ಹೊಸ್ತಿಲ ಸುಣ್ಣದ ಪುಡಿ ತುಳಿದು ಇಣುಕಿದೆ. ಮೂಲೆಯಲ್ಲಿ ಕಾಯಿಲ್ ಹೀಟರು, ಬಿಸಿ ಸಾಕಾದರೆ ತಾನೇ ಆರುವಂಥದ್ದು. ಅದರ ವೈರಿನ ಮಧ್ಯೆ ಒಂದು ಬಿಳಿ ಡಬ್ಬಿ. ಆ ಡಬ್ಬಿಯನ್ನು ಹೋದ ಚಳಿಗಾಲ ಹಾಕಿದವನು ನಾನೇ.

ಹೀಟರು ಒಂದೇ ಸಮ ಧಗಧಗ ಉರಿದರೆ ಹತ್ತಿರದ ತಟ್ಟೆಯ ಸೊಪ್ಪು ಒಣಗುತ್ತದೆ, ಮೆತ್ತಗೆ ಕಾಯುವ ಹಾಗೆ ಮಾಡಿಕೊಡಿ ಎಂದು ಈಕೆ ಕೇಳಿದ್ದರು. ನಾನು ಒಂದು ದಪ್ಪ ಡಯೋಡು ಹಾಕಿದ್ದೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತದೆ. ಡಯೋಡು ಹೋಗುವುದನ್ನು ಬಿಟ್ಟು ಬರುವುದನ್ನು ತಡೆಯುತ್ತದೆ. ಹೀಟರಿಗೆ ಅರ್ಧ ಕರೆಂಟು, ಅರ್ಧ ಬಿಸಿ. ಈ ಉಪಾಯಕ್ಕೆ ಸುತ್ತಮುತ್ತಲ ಹುಳದವರೆಲ್ಲ ನನ್ನನ್ನು ಹೊಗಳಿದ್ದರು. ಆದರೆ ಆ ಒಂದೇ ಕಡೆಯ ಎಳೆತ ಸಣಕಲು ತಂತಿಯಲ್ಲಿ ಕೂತು, ಪಕ್ಕದ ಮನೆಗೆ ಹೋಗುವ ಕರೆಂಟನ್ನೂ ಒಂದು ಪಕ್ಕಕ್ಕೆ ವಾಲಿಸುತ್ತದೆ. ಫ್ಯಾನು, ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ. ಗುಂಡು ಟ್ರಾನ್ಸ್‌ಫಾರ್ಮರಿಗೆ ಮಾತ್ರ ತಡೆಯುವುದಿಲ್ಲ. ಅದರ ಕಬ್ಬಿಣ ಒಂದು ಕಡೆಗೆ ತುಂಬಿ ಬಿಗಿದು, ಬಿಸಿಯಾಗಿ, ಹೀಗೆ ಒದರುತ್ತದೆ. ಡಯೋಡು ಹಾಕಿದಾಗ ಮುಂದಿನ ಮನೆಯೂ ಇರಲಿಲ್ಲ, ದೀಪವೂ ಇರಲಿಲ್ಲ. ಹಾಗಂತ ತಪ್ಪು ಬೇರೆಯವರದಾಗುವುದಿಲ್ಲ.

ಯಜಮಾನರು ನನ್ನ ಹಿಂದೆ ಬಂದು ನಿಂತಿದ್ದರು. "ಏನು ಸಿಕ್ತಪ್ಪಾ?"

ನಮ್ಮ ಕಸುಬಿನಲ್ಲಿ ಎಲ್ಲ ಪಾಪಕ್ಕೂ ಲೂಸ್ ಕನೆಕ್ಷನ್ ಎಂಬ ಒಂದೇ ಹೆಸರು ಸಾಕು. ಲೂಸಾಗಿತ್ತು ಸರ್, ಟೈಟ್ ಮಾಡಿದೆ ಅಂದು ಆ ಡಯೋಡನ್ನು ಜೇಬಿಗೆ ಹಾಕಿಕೊಂಡು ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಹೆಸರು ಉಳಿಯುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ನಾಳೆ ಸದ್ದು ನಿಂತಿರುತ್ತದೆ, ಡೋಸು ಹೆಚ್ಚಾಗಿರುತ್ತದೆ, ನೋಡು ಮಾತ್ರೆ ಹೇಗೆ ಕೆಲಸ ಮಾಡಿತು ಅನ್ನುತ್ತಾರೆ. ಆಮೇಲೆ ಈ ಟೀಚರ್ ಜೀವನಪೂರ್ತಿ ತೂಕಡಿಸಬೇಕು. ನಾನು ತಿರುಗಿ, ಅವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದೆ.

"ತಪ್ಪು ನಂದು ಸರ್. ಈ ಹೀಟರಿಗೆ ನಾನು ಹಾಕಿದ ಡಯೋಡಿಂದ ನಿಮ್ಮನೆ ಟ್ರಾನ್ಸ್‌ಫಾರ್ಮರ್ ಕೂಗ್ತಿರೋದು. ಮೇಡಂ ಕಿವಿಗೆ ಏನೂ ಆಗಿಲ್ಲ. ಕಿವಿ ತೋರಿಸಿ ಅಂದೋನೂ ನಾನೇ. ಎರಡೂ ನನ್ನ ತಪ್ಪು."

ವಾರಗಿತ್ತಿ ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ ದೇವುಡಾ! ಅಕ್ಕಂಗೆ ಹುಚ್ಚು ಹಿಡೀತು ಅಂತ ಊರೆಲ್ಲಾ ಆಡ್ಕೊಂಡ್ರಲ್ಲಣ್ಣಾ! ನಾನೂ ನಕ್ಕಿದೀನಿ." ಒಡನೆಯೇ ದನಿ ಗಟ್ಟಿಯಾಯಿತು. "ಆದ್ರೂ ಈಗ ಹೀಟರ್ ಆಫ್ ಮಾಡೋ ಹಾಗಿಲ್ಲ. ನಾಳೆ ಬಾ. ಹುಳ ಎದ್ದ ಮೇಲೆ ಏನು ಬೇಕಾದ್ರೂ ಮಾಡ್ಕೋ."

"ನಾಳೆ ಆಗಲ್ಲಮ್ಮ."

"ಯಾಕಾಗಲ್ಲ? ಅಕ್ಕ ಒಂದಿನ ಲೈಟ್ ಆರಿಸಿದ್ರಾಯ್ತು."

ಅದು ನ್ಯಾಯವಾದ ಮಾತೇ. ಇಪ್ಪತ್ತೈದು ತಟ್ಟೆ ಹುಳ ಒಂದು ಕಡೆ, ಒಂದು ದಿನದ ಲೈಟು ಇನ್ನೊಂದು ಕಡೆ. ಆದರೆ ಯಜಮಾನರ ಮುಖದಲ್ಲಿ ನಂಬಿಕೆ ಇನ್ನೂ ಅರ್ಧಕ್ಕೆ ನಿಂತಿತ್ತು. ನಾಳೆಗೆ ಬಿಟ್ಟರೆ ಅದು ಎಲ್ಲಿಗೆ ಜಾರುತ್ತದೋ. ನಿಲ್ಲುವುದನ್ನು ಈಗಲೇ, ಅವರ ಎದುರಿಗೇ ತೋರಿಸಬೇಕಿತ್ತು.

"ಹತ್ತು ನಿಮಿಷ ಕೊಡಮ್ಮ. ಅಷ್ಟೊತ್ತು ಇದ್ದಿಲ ಒಲೆ ಇಡು. ಹಳೇ ಹೀಟರ್ ಒಂದಿತ್ತಲ್ಲ, ಅಟ್ಟದ ಮೇಲೆ?"

ಆಕೆ "ಹತ್ತೇ. ಆಮೇಲೆ ನಿನ್ನನ್ನ ಈ ಕಡೆ ಬಿಡಲ್ಲ," ಅಂದು ಇದ್ದಿಲು ಹೊತ್ತಿಸಲು ಹೋದರು. ಹೊಗೆಯಾಡಿ ಕೆಂಡವಾದ ಮೇಲೇ ಒಳಗೆ ತಂದರು. ಆಮೇಲೆ ಗೋಡೆಯ ಥರ್ಮಾಮೀಟರಿನ ಮುಂದೆ ಕಾವಲು ನಿಂತರು.

ಉಪಾಯ ಸರಳ. ಒಂದೇ ಶಕ್ತಿಯ ಎರಡು ಹೀಟರನ್ನು ಒಂದರ ಹಿಂದೆ ಒಂದು, ಒಂದೇ ಸಾಲಿನಲ್ಲಿ ಜೋಡಿಸಿದರೆ ಎರಡೂ ಸೇರಿ ಕೊಡುವ ಬಿಸಿ ಒಂದರ ಅರ್ಧ. ಡಯೋಡು ಕೊಡುತ್ತಿದ್ದಷ್ಟೇ. ಕರೆಂಟು ಮಾತ್ರ ಹೋಗಿಯೂ ಹೋಗುತ್ತದೆ, ಬಂದೂ ಬರುತ್ತದೆ. ಹೋದ ವರ್ಷವೇ ಹೀಗೆ ಮಾಡಬಹುದಿತ್ತು, ಡಯೋಡು ಬುದ್ಧಿವಂತಿಕೆಯಾಗಿ ಕಂಡಿತು.

ಸ್ವಿಚ್ ಆರಿಸಿದೆ. ಡಬ್ಬಿ ಕತ್ತರಿಸಿ ತೆಗೆದೆ. ಹಳೇ ಹೀಟರಿನ ಧೂಳನ್ನು ಹೊರಗೇ ಒರೆಸಿ, ಮೀಟರ್ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. ಕಾಯಿಲು ಎಲ್ಲೋ ತುಂಡಾಗಿತ್ತು.

"ಇಪ್ಪತ್ತೈದು ಡಿಗ್ರಿ," ಅಂದರು ವಾರಗಿತ್ತಿ ಒಳಗಿಂದ.

ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಸುರುಳಿಯ ಒಂದೊಂದೇ ಸುತ್ತು ಬೆರಳಲ್ಲಿ ಎಣಿಸಿದೆ. ಕೊನೆಯ ಸ್ಕ್ರೂ ಹತ್ತಿರ ತುಂಡಾಗಿತ್ತು. ಎಳೆದರೆ ಸಾಲದು, ಜಾಸ್ತಿ ಎಳೆದರೆ ಇನ್ನೊಂದು ಕಡೆ ಮುರಿಯುತ್ತದೆ. ಚಳಿಗೆ ಬೆರಳು ಮರಗಟ್ಟಿ, ವಾಷರು ಎರಡು ಸಲ ಕೈ ಜಾರಿತು.

"ಇಪ್ಪತ್ನಾಲ್ಕಾಯ್ತಣ್ಣಾ."

"ಆಯ್ತಮ್ಮ."

"ಆಯ್ತಮ್ಮ ಅಂದ್ರೆ ಬಿಸಿ ಬರಲ್ಲ. ಇಪ್ಪತ್ನಾಲ್ಕಕ್ಕೂ ಕೆಳಗೆ ಬಂತು."

ಯಜಮಾನರು ಬಂದು, ಮೊಣಕಾಲೂರಿ, ಟಾರ್ಚನ್ನು ನನ್ನ ಬಾಯಿಂದ ತೆಗೆದುಕೊಂಡು ಹಿಡಿದರು. ಕಾರ್ಖಾನೆಯ ಕೈ, ಎಲ್ಲಿ ಬೆಳಕು ಬೇಕೋ ಅಲ್ಲೇ ಬಿತ್ತು, ಅಲುಗಲಿಲ್ಲ. ತುದಿಯನ್ನು ಚೂರುಚೂರೇ ಹದವಾಗಿ ಎಳೆದು ವಾಷರಿನ ಕೆಳಗೆ ಸುತ್ತಿ ಸ್ಕ್ರೂ ತಿರುಗಿಸಿದೆ. ಮೀಟರಿನ ಮುಳ್ಳು ಎದ್ದಿತು. ಎರಡೂ ಹೀಟರನ್ನು ಜೋಡಿಸಿ, ಆಚೆ ಈಚೆ ಮೂಲೆಗಿಟ್ಟು ಸ್ವಿಚ್ ಹಾಕಿದೆ. ಎರಡರಲ್ಲೂ ಮಾಸಲು ಕೆಂಪು ಬಣ್ಣ ನಿಧಾನವಾಗಿ ಹತ್ತಿತು. ತಟ್ಟೆಗಳಲ್ಲಿ ಹುಳ ತಲೆ ಎತ್ತಿಕೊಂಡು ಹಾಗೇ ಕೂತಿದ್ದವು. ವಾರಗಿತ್ತಿ ಥರ್ಮಾಮೀಟರಿನಿಂದ ಕಣ್ಣು ತೆಗೆಯಲಿಲ್ಲ, ಆದರೆ ಬೈಗುಳವೂ ಬರಲಿಲ್ಲ.

ಹೀಟರು ಆರದ ಹಾಗೆ ನಾನು ಇಲ್ಲೇ ನಿಂತು ನೋಡಿಕೊಳ್ಳಬೇಕಿತ್ತು. "ಸರ್, ನೀವು ಹೋಗಿ ಹಾಲ್ ಲೈಟ್ ಹಾಕಿ. ನಾನು ಫೋನ್ ಮಾಡ್ತೀನಿ, ಸದ್ದು ಇದೆಯೋ ಇಲ್ವೋ ಹೇಳಿ," ಅಂದೆ. ಅಂದ ಮೇಲೆ ಯಾರಿಗೆ ಏನು ಹೇಳಿದೆನೆಂದು ನಾಲಿಗೆ ಕಚ್ಚಿಕೊಂಡೆ. ಅವರು ಆಗಲೇ ಹಿತ್ತಿಲು ದಾಟಿದ್ದರು.

ಫೋನ್ ಮಾಡಿದೆ. ಸ್ವಿಚ್ ಹಾಕಿದ ಟಕ್ ಕೇಳಿಸಿತು. ಆಮೇಲೆ ಬಹಳ ಹೊತ್ತು ಅವರ ಉಸಿರು ಮಾತ್ರ.

"ಸರ್? ಇದೆಯಾ, ನಿಂತಿದೆಯಾ?"

ಫೋನು ಸ್ವಲ್ಪ ದೂರ ಹೋಯಿತು. "ನೋಡೇ, ನನಗೆ ಗೊತ್ತಾಗಲ್ಲ," ಅನ್ನುವುದು ಕೇಳಿಸಿತು. "ನೀನೇ ಕೇಳಿ ಹೇಳು."

ಟೀಚರ್ ಫೋನ್ ತೆಗೆದುಕೊಂಡರು. ಆತುರ ಮಾಡಲಿಲ್ಲ. ಒಂದು ಸಲ ಬಳೆ ಸದ್ದಾಯಿತು, ಅದನ್ನೂ ಮೇಲೆ ಸರಿಸಿಕೊಂಡರೇನೋ.

"ಫ್ರಿಜ್ಜಿಂದು ಇಲ್ಲ, ನೀವು ಆಫ್ ಮಾಡಿದೀರಿ," ಅಂದರು. "ಗಡಿಯಾರದ್ದು ಕೇಳ್ತಿದೆ. ಹಿತ್ತಿಲ ನಲ್ಲಿ ತೊಟ್ಟಿಕ್ತಾ ಇದೆ. ದೂರದಲ್ಲಿ ಹಾಲಿನ ವ್ಯಾನ್ ಹೋಗ್ತಿದೆ. ಇವ್ರು ಅಳ್ತಿದ್ದಾರೆ."

ಆಮೇಲೆ ಹೇಳಿದರು. "ಅದು ಇಲ್ಲ ಅಣ್ಣಾ."